ಮೊದಲ ಸಂದರ್ಶನದ ಅಳುಕು: ಒಂದು ವೈಧಾನಿಕ ಪ್ರಶ್ನೆ

ಕನ್ನಡ ಜಾನಪದ ಸಂಶೋಧನೆಯಲ್ಲಿ ಕ್ಷೇತ್ರಕಾರ್ಯಕ್ಕಿರುವ ಮಹತ್ವ ನಿರ್ವಿವಾದವಾದುದು. 1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಸಂಕಲನವನ್ನು ಹೊರತಂದ ನಂತರದ ದಶಕಗಳಲ್ಲಿ ಹಾಡು, ಕಥೆ, ಕಾವ್ಯಗಳ ಸಂಗ್ರಹ ವಿಪುಲವಾಗಿ ಬೆಳೆದಿದೆ. ಆದರೆ ಆ ಸಾಮಗ್ರಿಯನ್ನು ಕೇಳಿ ಪಡೆದ ಕ್ರಿಯೆ ಪಿಎಚ್.ಡಿ. ಪ್ರಬಂಧಗಳಲ್ಲಿ ಅಪರೂಪಕ್ಕೆ ಕಾಣಿಸಿಕೊಳ್ಳುತ್ತದೆ. ಅನುಬಂಧದಲ್ಲಿ ವಕ್ತೃಗಳ ಹೆಸರು, ವಯಸ್ಸು, ಊರುಗಳ ಪಟ್ಟಿ ಇರುತ್ತದೆ. ಯಾವ ಪ್ರಶ್ನೆಗೆ ಯಾವ ಉತ್ತರ ದೊರೆಯಿತು ಎಂಬುದು ಸಾಮಾನ್ಯವಾಗಿ ಇರುವುದಿಲ್ಲ. ಈ ಕೊರತೆಯ ಮೂಲವನ್ನು ಸಂಶೋಧನಾ ವಿದ್ಯಾರ್ಥಿಯ ಮೊದಲ ಸಂದರ್ಶನದಲ್ಲಿಯೇ ಗುರುತಿಸಬಹುದಾಗಿದೆ.

ಮೊದಲ ಸಲ ವಕ್ತೃವಿನ ಎದುರು ಕುಳಿತ ವಿದ್ಯಾರ್ಥಿಗೆ ಪ್ರಶ್ನಾವಳಿಯೇ ಆಸರೆ. ಉತ್ತರ ತಡವಾದರೆ ಅವನು ಮುಂದಿನ ಪ್ರಶ್ನೆಗೆ ಹಾರುತ್ತಾನೆ. ಮೌನವನ್ನು ತಾಳಲಾರದೆ ತಾನೇ ಉತ್ತರವನ್ನು ಒದಗಿಸುತ್ತಾನೆ. ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರೊಬ್ಬರನ್ನು, ‘ಇದು ಶರಣ ಪರಂಪರೆಗೆ ಪ್ರತಿರೋಧ ಅಲ್ಲವೇ ಅಜ್ಜ?’ ಎಂದು ಕೇಳಿದರೆ ‘ಹೌದು ಸ್ವಾಮಿ’ ಎಂಬ ಉತ್ತರ ಬರುವುದು ಸಹಜ. ಅದು ಸಮ್ಮತಿಯಾಗಿರಬಹುದು, ದೂರದಿಂದ ಬಂದ ಓದಿದ ಹುಡುಗನಿಗೆ ತೋರಿದ ಸೌಜನ್ಯವೂ ಆಗಿರಬಹುದು. ಪ್ರಬಂಧದಲ್ಲಿ ಪ್ರಶ್ನೆ ಅಳಿದುಹೋಗಿ ‘ವಕ್ತೃಗಳ ಅಭಿಪ್ರಾಯದಂತೆ ಇದು ಪ್ರತಿರೋಧದ ಕಾವ್ಯ’ ಎಂಬ ವಾಕ್ಯ ಉಳಿಯುತ್ತದೆ. ವಿದ್ಯಾರ್ಥಿಯ ಮಾತು ಹೀಗೆ ವಕ್ತೃವಿನ ಬಾಯಿಂದ ಬಂದ ಆಧಾರವಾಗಿ ಪರಿವರ್ತನೆಗೊಳ್ಳುತ್ತದೆ.

ಅಳುಕಿಗೆ ಇನ್ನೊಂದು ಮುಖವಿದೆ. ಹಳ್ಳಿಯ ಜಗಲಿಯಲ್ಲಿ ಮೊದಲು ಪ್ರಶ್ನೆ ಕೇಳುವವರು ಹಲವೊಮ್ಮೆ ಹಿರಿಯರೇ. ‘ಯಾವೂರಪ್ಪ ನಿಂದು? ಯಾರ ಪೈಕಿ?’ ಎಂಬಲ್ಲಿಂದ ಅವರ ಸಂದರ್ಶನ ಆರಂಭವಾಗುತ್ತದೆ. ಸಂಶೋಧಕಿಯಾದರೆ ಮದುವೆಯ ವಿಚಾರವೂ ಸೇರುತ್ತದೆ. ಈ ಪ್ರಶ್ನೆಗಳ ಹಿಂದೆ ಜಾತಿಯ ವಿಚಾರಣೆ ಇದೆ, ನಂಬಿಕೆಯ ಪರೀಕ್ಷೆಯೂ ಇದೆ. ವಿದ್ಯಾರ್ಥಿ ಕೊಡುವ ಉತ್ತರದ ಮೇಲೆ ಅವನು ‘ಮಗ’ ಆಗುತ್ತಾನೋ ‘ಸ್ವಾಮಿ’ ಆಗುತ್ತಾನೋ ಎಂಬುದು ನಿರ್ಧಾರವಾಗುತ್ತದೆ; ಮುಂದೆ ಹೇಳಲ್ಪಡುವ ಕಥೆಯ ಸ್ವರೂಪವೂ ಅದನ್ನು ಅವಲಂಬಿಸುತ್ತದೆ. ಇಷ್ಟು ನಿರ್ಣಾಯಕವಾದ ಈ ಭಾಗವನ್ನೇ ‘ವಿಷಯಕ್ಕೆ ಸಂಬಂಧಿಸಿದ್ದಲ್ಲ’ ಎಂದು ಲಿಪ್ಯಂತರದಲ್ಲಿ ಕೈಬಿಡಲಾಗುತ್ತದೆ.

ಕೇಳುವ ಬಗೆ ಪಠ್ಯವನ್ನು ಎಷ್ಟರಮಟ್ಟಿಗೆ ರೂಪಿಸಬಲ್ಲದು ಎಂಬುದಕ್ಕೆ ತುಳುವಿನ ಸಿರಿ ಮಹಾಕಾವ್ಯದ ದಾಖಲೀಕರಣ ಉತ್ತಮ ನಿದರ್ಶನ. ಗೋಪಾಲ ನಾಯ್ಕರು 1980ರ ದಶಕದ ಮಧ್ಯಭಾಗದಲ್ಲಿ ಹೇಳಿ ಬರೆಯಿಸಿದ ಪಾಠ ಸುಮಾರು 8,500 ಸಾಲುಗಳದ್ದು. 1990ರ ಡಿಸೆಂಬರಿನಲ್ಲಿ ಅವರು ಅದನ್ನೇ ಹಾಡಿದಾಗ ದೊರೆತದ್ದು 15,683 ಸಾಲುಗಳು. ಲೌರಿ ಹಾಂಕೊ, ಚಿನ್ನಪ್ಪ ಗೌಡ, ವಿವೇಕ ರೈ, ಅನೆಲಿ ಹಾಂಕೊ ಅವರ ತಂಡ 1998ರಲ್ಲಿ ಈ ಕಾವ್ಯವನ್ನು ಪ್ರಕಟಿಸಿದಾಗ, ಪಠ್ಯ ಹೇಗೆ ರೂಪುಗೊಂಡಿತೆಂಬ ವಿವರಣೆಗೇ ಪ್ರತ್ಯೇಕ ಸಂಪುಟವೊಂದು ಮೀಸಲಾಯಿತು. ಗಾಯಕರೂ ಒಬ್ಬರೇ, ಕಥೆಯೂ ಒಂದೇ; ಬರೆಯುವವನ ವೇಗಕ್ಕೆ ತಕ್ಕಂತೆ ಹೇಳುವುದಕ್ಕೂ ತನ್ನ ಲಯದಲ್ಲಿ ಹಾಡುವುದಕ್ಕೂ ಇರುವ ಅಂತರ ಇಷ್ಟು.

ಅನುಭವ ಬಂದಂತೆ ಅಳುಕು ತಾನಾಗಿಯೇ ಹೋಗುತ್ತದೆ, ಅದರ ಚರ್ಚೆ ಅನಗತ್ಯ ಎಂಬ ವಾದವಿದೆ. ಅಳುಕು ಹೋಗುವುದು ನಿಜ. ಆದರೆ ಅಳುಕಿನಲ್ಲಿ ಕಲಿತ ಅಭ್ಯಾಸಗಳು ಉಳಿಯುತ್ತವೆ. ಉತ್ತರವನ್ನು ತಾನೇ ಒದಗಿಸುವ ರೂಢಿ ಆತ್ಮವಿಶ್ವಾಸದೊಂದಿಗೆ ಸೇರಿದಾಗ ಯಜಮಾನಿಕೆಯಾಗುತ್ತದೆ. ಹಾಗೆಂದು ಅಳುಕನ್ನೇ ಒಂದು ಮೌಲ್ಯವೆಂದು ವೈಭವೀಕರಿಸಬೇಕಾಗಿಲ್ಲ. ಎದುರಿಗಿರುವವರು ತನಗಿಂತ ಹೆಚ್ಚು ಬಲ್ಲವರು ಎಂಬ ಅರಿವಿನಿಂದ ಹುಟ್ಟಿದ ಹಿಂಜರಿಕೆಯನ್ನು ಉಳಿಸಿಕೊಂಡು, ಮೌನಕ್ಕೆ ಹೆದರುವ ಗಾಬರಿಯನ್ನು ಕಳೆಯುವುದು ತರಬೇತಿಯ ಗುರಿಯಾಗಬೇಕು.

ಯುಜಿಸಿಯ 2009ರ ನಿಯಮಾವಳಿಯ ನಂತರ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಕೋರ್ಸ್‌ವರ್ಕ್ ಕಡ್ಡಾಯವಾಗಿದೆ. ಸಂಶೋಧನಾ ವಿಧಾನ ಅದರ ಭಾಗವಾಗಿರುವುದರಿಂದ ಈ ಅಭ್ಯಾಸಕ್ಕೆ ಅಲ್ಲಿಯೇ ಅವಕಾಶವಿದೆ. ವಿದ್ಯಾರ್ಥಿ ತನ್ನ ಮೊದಲ ಸಂದರ್ಶನವನ್ನು, ತನ್ನ ಪ್ರಶ್ನೆ, ತಡವರಿಕೆ, ನಡುವೆ ಬಾಯಿ ಹಾಕಿದ ಜಾಗಗಳ ಸಮೇತ, ಅಕ್ಷರಶಃ ಬರೆದುಕೊಳ್ಳಬೇಕು. ಮಾರ್ಗದರ್ಶಕರು ಅದನ್ನು ಅವನೊಂದಿಗೆ ಕುಳಿತು ಓದಬೇಕು. ಬಳಿಕ ಅದೇ ವಕ್ತೃವಿನ ಬಳಿಗೆ ಮತ್ತೊಮ್ಮೆ ಹೋಗಿ, ಬರೆದುದನ್ನು ಓದಿ ಹೇಳಿ, ಅವರ ತಿದ್ದುಪಡಿಗಳನ್ನು ಪಡೆಯಬೇಕು. ಪ್ರಬಂಧದ ಅನುಬಂಧದಲ್ಲಿ ಕನಿಷ್ಠ ಒಂದು ಸಂದರ್ಶನವಾದರೂ ಪ್ರಶ್ನೋತ್ತರಗಳ ಸಹಿತ ಪೂರ್ಣವಾಗಿರಬೇಕು. ಇದಕ್ಕೆ ವಿಶೇಷ ಅನುದಾನ ಬೇಕಿಲ್ಲ. ಒಂದಿಷ್ಟು ಸಮಯ ಸಾಕು.

ವಕ್ತೃಗಳ ಮಾತನ್ನು ಆಧಾರವೆಂದು ಉಲ್ಲೇಖಿಸುವ ಹಕ್ಕು ಸಂಶೋಧಕನಿಗಿದೆ. ಆ ಮಾತು ಯಾವ ಪ್ರಶ್ನೆಗೆ ಬಂದ ಉತ್ತರ ಎಂಬುದನ್ನು ತಿಳಿಯುವ ಹಕ್ಕು ಓದುಗನಿಗೂ ಇದೆ. ಹಾಡಿದವರು ತೀರಿಕೊಂಡ ಮೇಲೆ ಮರಳಿ ಕೇಳಲು ಯಾರೂ ಉಳಿದಿರುವುದಿಲ್ಲವಾದ್ದರಿಂದ ಈ ಹೊಣೆ ಮೊದಲ ದಿನದಿಂದಲೇ ಆರಂಭವಾಗುತ್ತದೆ.