ಹೋಟೆಲಿನ ಬಾಗಿಲು

ಅಮೆರಿಕವೆಂದೊಡನೆ ನಮ್ಮವರ ಕಣ್ಣಿಗೆ ಕಟ್ಟುವುದು ಡಾಲರು, ಮೋಟಾರು, ಸಿನಿಮಾ. ಎರಡನೆಯ ಮಹಾಯುದ್ಧ ಮುಗಿದ ಮೇಲಿನ ಇಪ್ಪತ್ತು ವರ್ಷಗಳಲ್ಲಿ ಅಲ್ಲಿ ಆದ ದೊಡ್ಡ ಬದಲಾವಣೆ ನಡೆದದ್ದು ಬಸ್ಸಿನ ಸೀಟಿನಲ್ಲಿ, ಹೋಟೆಲಿನ ಬೆಂಚಿನ ಮೇಲೆ.

ಹಿಟ್ಲರನೊಡನೆ ಹೋರಾಡಿ ಊರಿಗೆ ಮರಳಿದ ಕಪ್ಪು ಸಿಪಾಯಿಗೆ ದಕ್ಷಿಣದ ರಾಜ್ಯಗಳಲ್ಲಿ ಬಸ್ಸಿನ ಹಿಂದಿನ ಸೀಟೇ ಗತಿಯಾಗಿತ್ತು. 1955ರ ಡಿಸೆಂಬರ್ 1ರಂದು ಮಾಂಟ್ಗೊಮರಿ ಪಟ್ಟಣದಲ್ಲಿ ಹೊಲಿಗೆ ಕೆಲಸದ ರೋಸಾ ಪಾರ್ಕ್ಸ್ ಎಂಬಾಕೆ ಬಿಳಿಯನಿಗೆ ಸೀಟು ಬಿಟ್ಟುಕೊಡಲು ಒಪ್ಪಲಿಲ್ಲ. ಪೊಲೀಸರು ಹಿಡಿದರು. ಆ ಬಳಿಕ 381 ದಿನ ಅಲ್ಲಿನ ಕಪ್ಪು ಜನ ಬಸ್ಸು ಹತ್ತಲಿಲ್ಲ. ಅಡಿಗೆಯವರು, ಕೂಲಿಯವರು ಮೈಲಿಗಟ್ಟಲೆ ನಡೆದರು. ಬಸ್ಸಿನ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಅವರೇ! 1956ರಲ್ಲಿ ಸುಪ್ರೀಂ ಕೋರ್ಟು ಸೀಟಿನ ಭೇದವನ್ನು ತಳ್ಳಿಹಾಕಿತು. 1960ರ ಫೆಬ್ರವರಿ 1ರಂದು ಗ್ರೀನ್ಸ್‌ಬರೋದಲ್ಲಿ ನಾಲ್ವರು ವಿದ್ಯಾರ್ಥಿಗಳು ವುಲ್ವರ್ತ್ ಅಂಗಡಿಯ ತಿಂಡಿ ಕಟ್ಟೆಯ ಮುಂದೆ ಕುಳಿತು ಕಾಫಿ ಕೇಳಿದರು. ಕೊಡಲಿಲ್ಲ. ಮರುದಿನ ಇನ್ನಷ್ಟು ಜನ ಬಂದು ಕುಳಿತರು. ವ್ಯಾಪಾರ ಕೆಟ್ಟ ಮೇಲೆ, ಜುಲೈನಲ್ಲಿ, ಅಂಗಡಿಯವರೇ ದಾರಿಗೆ ಬಂದರು.

ಈ ಕಥೆ ನಮಗೆ ದೂರದ್ದಲ್ಲ. 1951ರಲ್ಲಿ ಕಾಗೋಡು ಗೇಣಿದಾರರ ಸತ್ಯಾಗ್ರಹಕ್ಕೆ ಬಂದು ಬಂಧನಕ್ಕೊಳಗಾದ ಡಾ. ರಾಮಮನೋಹರ ಲೋಹಿಯಾ ಅವರು 1964ರ ಮೇ ತಿಂಗಳಲ್ಲಿ ಮಿಸಿಸಿಪ್ಪಿಯ ಜಾಕ್ಸನ್ ಪಟ್ಟಣದಲ್ಲಿದ್ದರು. ಬಿಳಿಯರಿಗೇ ಮೀಸಲಾದ ಹೋಟೆಲೊಂದು ಅವರನ್ನು ಒಳಗೆ ಬಿಡಲಿಲ್ಲ. ಮರುದಿನ ಮತ್ತೆ ಹೋದರು, ಪೊಲೀಸರು ಹಿಡಿದೊಯ್ದರು. ಅಮೆರಿಕ ಸರ್ಕಾರ ಕ್ಷಮೆ ಕೇಳಿತು. ಅದೇ ವರ್ಷ ಜುಲೈ 2ರಂದು, ಹೋಟೆಲುಗಳ ಬಾಗಿಲನ್ನು ಎಲ್ಲರಿಗೂ ತೆರೆಯುವ ಕಾನೂನಿಗೆ ಅಧ್ಯಕ್ಷ ಜಾನ್ಸನ್ನರ ಸಹಿ ಬಿತ್ತು.

ನಮ್ಮಲ್ಲಿ ಅಸ್ಪೃಶ್ಯತೆಯ ವಿರುದ್ಧ ಇಂಥದೇ ಕಾನೂನು ಒಂಬತ್ತು ವರ್ಷ ಮೊದಲೇ, 1955ರಲ್ಲೇ ಬಂದಿತ್ತು. ಅಲ್ಲಿ ಜನ ಮೊದಲು ಬೆಂಚಿನ ಮೇಲೆ ಕುಳಿತರು, ಕಾನೂನು ಹಿಂದಿನಿಂದ ಬಂತು. ಇಲ್ಲಿ ಕಾನೂನು ಬಂದರೂ ಬೇರೆ ಲೋಟ ಎಲ್ಲ ಕಡೆಯೂ ಹೋಗಲಿಲ್ಲ. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ರ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ತಿರುಗಿಬಿದ್ದು 2006ರಲ್ಲಿ ಆರೋಪಿಗಳು ಖುಲಾಸೆಯಾದರು. ಲೋಟದಲ್ಲಿ ಇಟ್ಟುಕೊಂಡ ಭೇದ ಎಲ್ಲಿಯವರೆಗೆ ಹೋಗುತ್ತದೆಂಬುದನ್ನು ಈ ಜಿಲ್ಲೆಯವರಿಗೆ ಬೇರೆ ಹೇಳಬೇಕಿಲ್ಲ.

“ನಮಗೇನೂ ಭೇದವಿಲ್ಲ ಸ್ವಾಮಿ, ಗಿರಾಕಿಗಳು ಒಪ್ಪುವುದಿಲ್ಲ” ಎನ್ನುವ ವರ್ತಕ ಮಿತ್ರರುಂಟು. ವುಲ್ವರ್ತ್‌ನವರೂ ಊರಿನ ವಾಡಿಕೆಯನ್ನೇ ಮುಂದೆ ಮಾಡಿದ್ದರು; ನಷ್ಟವಾದದ್ದು ಆ ವಾಡಿಕೆಯಿಂದಲೇ. ಶಿಡ್ಲಘಟ್ಟದಲ್ಲಿ ನೂಲು ಬಿಚ್ಚಲು ಬಿಸಿನೀರಿಗೆ ಕೈಯಿಟ್ಟವರ ಜಾತಿಯನ್ನು ರೇಷ್ಮೆ ಕೊಳ್ಳುವವನು ಕೇಳುವುದಿಲ್ಲ. ಕಾಫಿ ಮಾರುವವನಿಗೇಕೆ ಆ ವಿಚಾರಣೆ? ಗಿರಣಿಯ ಕೆಲಸಗಾರರೂ ಗಿರಾಕಿಗಳೇ. ಒಂದೇ ಪಾಳಿಯಲ್ಲಿ ದುಡಿದವನಿಗೆ ಹೊರಗೆ ಲೋಟ ಕೊಟ್ಟ ಹೋಟೆಲಿನಿಂದ ಜೊತೆಯವರೆಲ್ಲ ಒಟ್ಟಿಗೆ ಎದ್ದು ಬರಲಿ, ಠಾಣೆಯಲ್ಲಿ ದೂರು ಬರೆಸಲಿ. 1955ರ ಕಾನೂನು ಇಂದಿಗೂ ಜಾರಿಯಲ್ಲಿದೆ.