ಕಿಟಕಿಯಾಚೆಯ ಟ್ರಾಮು



ಕಳೆದ ಸಲ ಬಾಣಂತಿಯ ಪಥ್ಯದ ಬಗ್ಗೆ ಬರೆಯುವಾಗ, 2025ರ ಅಕ್ಟೋಬರಿನಲ್ಲಿ ತಂಗಿಯ ಬಾಣಂತನಕ್ಕೆಂದು ಜಪಾನಿನ ಹಿರೋಶಿಮಾಕ್ಕೆ ಹೋಗಿದ್ದೆ ಎಂದು ಒಂದು ಮಾತು ಹೇಳಿದ್ದೆ. "ಅಲ್ಲಿ ಏನೇನು ನೋಡಿದಿರಿ, ಬರೆಯಬಾರದೇ?" ಎಂದು ಹಲವರು ಕೇಳಿದ್ದೀರಿ. ನಿಜ ಹೇಳಲೇ? ಬಾಣಂತಿ ಮನೆ ಬಿಟ್ಟು ಎಲ್ಲಿ ತಿರುಗಲಿ? ಎಣ್ಣೆ ನೀರು, ಮೆಣಸಿನ ಸಾರು, ಮಗುವಿನ ಬಟ್ಟೆ ಇವುಗಳಲ್ಲೇ ಹೊತ್ತು ಹೋಗುತ್ತಿತ್ತು. ನಾನು ಕಣ್ತುಂಬ ನೋಡಿದ್ದು ಒಂದೇ, ಅವಳ ಮನೆಯ ಕಿಟಕಿಯ ಕೆಳಗೆ ಹಾದುಹೋಗುವ ಟ್ರಾಮು!

ನಮ್ಮೂರ ಕಡೆಯವರಿಗೆ ಟ್ರಾಮು ಅಂದರೆ ಅಪರೂಪವೇ. ರಸ್ತೆಯ ಮಧ್ಯದಲ್ಲೇ ಹಳಿ, ತಲೆಯ ಮೇಲೆ ಕರೆಂಟಿನ ತಂತಿ, ಬಸ್ಸಿನಷ್ಟೇ ಇರುವ ಒಂದು ಡಬ್ಬಿ. ನಮ್ಮತ್ತೆ ಚಿಕ್ಕವರಿದ್ದಾಗ ಬೊಂಬಾಯಿಯಲ್ಲಿ ಅದರಲ್ಲಿ ಕೂತಿದ್ದರಂತೆ. ಅಲ್ಲಿ 1964ರಲ್ಲೇ ನಿಂತುಹೋಯಿತು. ಮದರಾಸಿನಲ್ಲಿ ಅದಕ್ಕೂ ಮೊದಲೇ, 1953ರಲ್ಲಿ ನಿಂತಿತ್ತು. ಹಿರೋಶಿಮಾದಲ್ಲಿ ಮಾತ್ರ 1912ರಿಂದ ಇಂದಿನವರೆಗೂ ಓಡುತ್ತಲೇ ಇದೆ. ಗಂಟೆಯ ಸದ್ದಿನಿಂದ ಅಲ್ಲಿನ ಜನ ಅದಕ್ಕೆ 'ಚಿನ್ ಚಿನ್ ದೆನ್ಶಾ' ಅನ್ನುತ್ತಾರೆ. 'ದೆನ್ಶಾ' ಎಂದರೆ ವಿದ್ಯುತ್ ರೈಲು. ಚೆನ್ನಾಗಿದೆಯಲ್ಲವೇ ಹೆಸರು?

ಬೆಳಿಗ್ಗೆ ಮಗುವನ್ನು ಎಳೆಬಿಸಿಲಿಗೆ ಹಿಡಿದು ಕಿಟಕಿಯ ಬಳಿ ಕೂರುತ್ತಿದ್ದೆ. ಮೊದಲ ವಾರ ಎಲ್ಲ ಟ್ರಾಮೂ ಒಂದೇ ಥರ ಕಂಡವು. ಆಮೇಲೆ ನೋಡಿದರೆ, ಒಂದಿದ್ದ ಹಾಗೆ ಇನ್ನೊಂದಿಲ್ಲ! ಒಂದು ಐದು ತುಂಡು ಜೋಡಿಸಿದ, 30 ಮೀಟರ್ ಉದ್ದದ ಹೊಸದು. ಅದರ ನೆಲ ಎಷ್ಟು ತಗ್ಗೆಂದರೆ ಕೂಸಿನ ಗಾಡಿಯನ್ನು ಎತ್ತಬೇಕಾಗಿಲ್ಲ, ಹಾಗೇ ತಳ್ಳಿಕೊಂಡು ಹತ್ತಬಹುದು. ಅದರ ಹಿಂದೆಯೇ ಮೆಟ್ಟಿಲು ಹತ್ತಬೇಕಾದ, ಗಡಗಡ ಅನ್ನುವ ಹಳೇ ಡಬ್ಬಿ.

"ಇದೇನೇ ಹೀಗೆ?" ಎಂದು ತಂಗಿಯನ್ನು ಕೇಳಿದೆ. "ಅಕ್ಕಾ, ಇವೆಲ್ಲ ಬೇರೆ ಬೇರೆ ಊರಿನವು. ಅಲ್ಲಿ ಬೇಡವಾದದ್ದನ್ನು ಇವರು ತಂದುಕೊಂಡಿದ್ದಾರೆ" ಎಂದಳು.

ಆಗಿದ್ದು ಹೀಗೆ. ಕಾರುಗಳು ಹೆಚ್ಚಾದಂತೆ ಜಪಾನಿನ ದೊಡ್ಡ ಊರುಗಳು ಟ್ರಾಮನ್ನು ಕಿತ್ತುಹಾಕಿದವು. ಒಸಾಕಾದಲ್ಲಿ 1969ರಲ್ಲಿ, ಕೋಬೆಯಲ್ಲಿ 1971ರಲ್ಲಿ ನಿಂತಿತು. ಜಪಾನಿಗೇ ಮೊದಲು, 1895ರಲ್ಲಿ, ವಿದ್ಯುತ್ ಟ್ರಾಮು ಓಡಿಸಿದ ಕ್ಯೋಟೋ ನಗರ ಕೂಡ 1978ರಲ್ಲಿ ಕೈಬಿಟ್ಟಿತು. ಹಿರೋಶಿಮಾದಲ್ಲೂ 1963ರಲ್ಲಿ ಹಳಿಯ ಮೇಲೆ ಕಾರು ಓಡಿಸಲು ಬಿಟ್ಟರು. ಟ್ರಾಮು ಕಾರುಗಳ ಸಂದಿಯಲ್ಲಿ ಸಿಕ್ಕಿಹಾಕಿಕೊಂಡು ಹೊತ್ತಿಗೆ ಸರಿಯಾಗಿ ಬರದಾಯಿತು. ಆದರೆ 1971ರಲ್ಲಿ ಹಳಿಯ ಮೇಲೆ ಕಾರು ಬರಕೂಡದೆಂದು ಮತ್ತೆ ನಿಯಮ ಮಾಡಿದರು. ಅದರಿಂದ ಟ್ರಾಮು ಉಳಿಯಿತು. ಬೇರೆ ಊರುಗಳು ಮಾರಿದ ಡಬ್ಬಿಗಳನ್ನು ಕೊಂಡು ತಂದರು. ಕ್ಯೋಟೋದಿಂದ ಬಂದವು ಈಗಲೂ ತಮ್ಮ ತವರಿನ ಹಸಿರು, ಕೆನೆ ಬಣ್ಣದಲ್ಲೇ ಇವೆ. ಮದುವೆಯಾಗಿ ಬಂದವಳು ತವರಿನ ಸೀರೆ ಉಟ್ಟ ಹಾಗೆ! ಊರಿನವರು ತಮ್ಮ ಟ್ರಾಮಿಗೆ 'ಓಡಾಡುವ ವಸ್ತುಸಂಗ್ರಹಾಲಯ' ಎಂದು ಹೆಸರಿಟ್ಟಿರುವುದು ಸುಮ್ಮನೆ ಅಲ್ಲ.

ಮೂರನೇ ವಾರ ಧೈರ್ಯ ಮಾಡಿ ಒಬ್ಬಳೇ ಹತ್ತಿದೆ. ನಮ್ಮೂರಲ್ಲಿ ಸಂತೆಗೂ ಜೊತೆಗೊಬ್ಬರು ಬೇಕು ಅನ್ನುವವಳು ನಾನು! ಹಿಂದಿನ ಬಾಗಿಲಲ್ಲಿ ಹತ್ತಿ, ಇಳಿಯುವಾಗ ಮುಂದೆ ಚಾಲಕನ ಪಕ್ಕದ ಡಬ್ಬಿಗೆ ದುಡ್ಡು ಹಾಕಬೇಕು. ತಂಗಿ ಚಿಲ್ಲರೆ ಎಣಿಸಿ ಸೆರಗಿಗೆ ಕಟ್ಟಿಕೊಟ್ಟಿದ್ದಳು. ನಾನು ಚಾಲಕನ ಹಿಂದೆಯೇ ನಿಂತೆ. ಬಿಳಿ ಕೈಚೀಲ ತೊಟ್ಟ ಬೆರಳನ್ನು ಸಿಗ್ನಲ್ಲಿನ ಕಡೆ ತೋರಿಸಿ ಏನೋ ಗಟ್ಟಿಯಾಗಿ ಹೇಳುತ್ತಾನೆ, ಆಮೇಲೆಯೇ ಮುಂದಕ್ಕೆ. ಯಾರಿಗೆ ಹೇಳುತ್ತಾನೆ ಅಂದುಕೊಂಡಿರಿ? ತನಗೆ ತಾನೇ! ಕಣ್ಣು, ಕೈ, ಬಾಯಿ ಮೂರೂ ಒಂದೇ ಕಡೆ ಇದ್ದರೆ ತಪ್ಪಾಗುವುದಿಲ್ಲವೆಂದು ಹಾಗೆ ಕಲಿಸಿರುತ್ತಾರೆ. ಈಗ ನಾನೂ ರಾತ್ರಿ ಮಲಗುವ ಮುಂಚೆ ಗ್ಯಾಸಿನ ಕಡೆ ಬೆರಳು ತೋರಿಸಿ "ಆರಿಸಿದೆ" ಎಂದು ಗಟ್ಟಿಯಾಗಿ ಹೇಳುತ್ತೇನೆ. ನಮ್ಮ ಯಜಮಾನರು ನಗುತ್ತಾರೆ, ನಗಲಿ ಬಿಡಿ. ನೀವೂ ಮಾಡಿ ನೋಡಿ.

ಇಷ್ಟೇ ಆಗಿದ್ದರೆ ಈ ಸಲದ ಅಂಕಣ ಇಲ್ಲಿಗೆ ಮುಗಿಸುತ್ತಿದ್ದೆ. ಒಂದು ದಿನ ಬೆಳಿಗ್ಗೆ, ಆಫೀಸಿಗೆ ಹೊರಟಿದ್ದ ತಂಗಿಯ ಗಂಡ ಕಿಟಕಿಯ ಬಳಿ ಬಂದು, "ಅತ್ತಿಗೆ, ಬೇಗ ನೋಡಿ, 651 ಬರ್ತಿದೆ" ಎಂದರು. ಹಳೇ ಕಾಲದ ಸಾಧಾರಣ ಟ್ರಾಮು, ಹಣೆಯ ಮೇಲೆ ನಂಬರು.

1945ರ ಆಗಸ್ಟ್ 6ರಂದು ಬೆಳಿಗ್ಗೆ 8.15ಕ್ಕೆ ಆ ಊರಿನ ಮೇಲೆ ಅಣುಬಾಂಬು ಬಿದ್ದಾಗ, 651 ಅಲ್ಲಿಂದ ಸುಮಾರು 700 ಮೀಟರ್ ದೂರದಲ್ಲಿತ್ತು. ಸುಟ್ಟು ಕರಕಲಾಗಿದ್ದ ಅದನ್ನು ರಿಪೇರಿ ಮಾಡಿ 1946ರಲ್ಲಿ ಮತ್ತೆ ಓಡಿಸಿದರು. ಅದೂ, ಅದರ ಜೊತೆಯ 652ರೂ ಇವತ್ತಿಗೂ ಜನರನ್ನು ಕೂರಿಸಿಕೊಂಡು ಹೋಗುತ್ತಿವೆ.

ಇನ್ನೊಂದು ಮಾತು ಕೇಳಿ. ಆ ಹೊತ್ತಿಗೆ ಗಂಡಸರೆಲ್ಲ ಯುದ್ಧಕ್ಕೆ ಹೋಗಿದ್ದರು. ಹಾಗಾಗಿ ಟ್ರಾಮಿನ ಕಂಪನಿ 1943ರಲ್ಲಿ ಹುಡುಗಿಯರ ಶಾಲೆಯೊಂದನ್ನು ತೆರೆದಿತ್ತು. 14ರಿಂದ 17 ವರ್ಷದ ಹಳ್ಳಿ ಹುಡುಗಿಯರು ಅರ್ಧ ದಿನ ಪಾಠ, ಅರ್ಧ ದಿನ ಟ್ರಾಮಿನ ಕೆಲಸ ಮಾಡುತ್ತಿದ್ದರು. ಟಿಕೆಟ್ ಕೊಡುತ್ತಿದ್ದರು, ಟ್ರಾಮು ಓಡಿಸುತ್ತಲೂ ಇದ್ದರು. ಬಾಂಬಿಗೆ ಅವರಲ್ಲೂ ಎಷ್ಟೋ ಜನ ಬಲಿಯಾದರು. ಆದರೂ ಮೂರನೇ ದಿನ, ಆಗಸ್ಟ್ 9ರಂದು, ಊರಿನ ಪಶ್ಚಿಮದ ಒಂದು ತುಂಡು ಹಳಿಯ ಮೇಲೆ ಟ್ರಾಮು ಮತ್ತೆ ಹೊರಟಿತು. ಆ ಕೆಲಸದಲ್ಲಿ ಈ ಹುಡುಗಿಯರೂ ಇದ್ದರು. ಸುತ್ತ ಬೂದಿ, ನಡುವೆ ಗಂಟೆಯ ಸದ್ದು! ಕೇಳಿದವರಿಗೆ ಏನನ್ನಿಸಿರಬೇಕು!

ಯುದ್ಧ ಮುಗಿಯಿತು, ಗಂಡಸರು ವಾಪಸಾಗತೊಡಗಿದರು. ಶಾಲೆ ಮುಚ್ಚಿತು. ಹುಡುಗಿಯರನ್ನು ಅವರವರ ಮನೆಗೆ ಕಳಿಸಿದರು. ಇದನ್ನು ಕೇಳಿದಾಗ ನನಗೆ ಬಾಂಬಿನ ಸಂಗತಿಗಿಂತ ಬೇರೆಯೇ ಒಂದು ಸಂಕಟವಾಯಿತು. ಬೇಕಾದಾಗ ಕರೆದರು, ಸಾಕಾದಾಗ ಕಳಿಸಿದರು. ಹಳೇ ಡಬ್ಬಿಗಳನ್ನು ಜೋಪಾನ ಮಾಡಿದ ಊರು ಅದು, ಆದರೆ ಆ ಹುಡುಗಿಯರ ಕತೆ ಎಷ್ಟೋ ವರ್ಷ ಯಾರ ಬಾಯಲ್ಲೂ ಬರಲಿಲ್ಲವಂತೆ.

ನನ್ನ ಮಗಳಿಗೆ ಈಗ 16. ಎಸ್ಸೆಸ್ಸೆಲ್ಸಿ ಆದ ಮೇಲೆ 30 ಕಿ.ಮೀ. ದೂರದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗುತ್ತೇನೆಂದು ಹಟ ಹಿಡಿದಿದ್ದಳು. "ಹೆಣ್ಣುಮಗು, ಒಬ್ಬಳೇ ಹೇಗೆ?" ಎಂದು ತಡೆದವಳು ನಾನೇ, ಅವಳ ಅಪ್ಪನಲ್ಲ! ಆ ವರ್ಷ ಊರಿನಲ್ಲೇ, ಅವಳಿಗೆ ಬೇಡದ ವಿಷಯ ತೆಗೆದುಕೊಂಡು ಸುಮ್ಮನಾದಳು. 651 ಕಣ್ಮರೆಯಾಗುವವರೆಗೂ ನೋಡುತ್ತಾ ನಿಂತಿದ್ದಾಗ ನನಗೆ ಅವಳ ಮುಖವೇ ಕಂಡಿತು. ಅವಳ ವಯಸ್ಸಿನವರೇ ಅಲ್ಲವೇ ಆ ಬೂದಿಯ ನಡುವೆ ಟ್ರಾಮಿನಲ್ಲಿ ನಿಂತವರು?

ಊರಿಗೆ ಬಂದ ಮೇಲೆ ಅವಳನ್ನು ಕೂರಿಸಿಕೊಂಡು ಮಾತಾಡಿದೆ. ಬರುವ ಜೂನಿನಿಂದ ಅವಳು ಆ ಕಾಲೇಜಿಗೇ ಹೋಗುತ್ತಾಳೆ. ಒಂದು ವರ್ಷ ಹಿಂದೆ ಬಿದ್ದಳು, ಅದು ನನ್ನ ತಪ್ಪು, ಅವಳಿಗೂ ಹಾಗೇ ಹೇಳಿದ್ದೇನೆ. ಸಂಜೆ ಬಸ್ಸು ತಡವಾದರೆ ನಾನು ಹೊಸಿಲಲ್ಲೇ ನಿಂತಿರುತ್ತೇನೆ, ಅದು ನನಗೆ ಗೊತ್ತು. ನಿಂತಿರೋಣ, ತಾಯಿಯರ ಕೆಲಸವೇ ಅದು. ಅವರನ್ನು ಹೊರಡಲು ಬಿಡುವುದೂ ನಮ್ಮದೇ ಕೆಲಸ, ಅಲ್ಲವೇ ಗೆಳತಿಯರೇ?

ನಿಮ್ಮ ಮನೆಯಲ್ಲೂ ಇಂಥ ಹಟಮಾರಿ ಹುಡುಗಿಯಿದ್ದರೆ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ.