ಪದದ ಮೂಲ, ಹೆಸರಿನ ಮೂಲ

ವ್ಯಕ್ತಿನಾಮಗಳ ನಿಷ್ಪತ್ತಿಯನ್ನು ಕುರಿತ ಬರಹಗಳಲ್ಲಿ ಒಂದು ಗೊಂದಲ ಮತ್ತೆ ಮತ್ತೆ ಕಾಣಿಸುತ್ತದೆ. ಅಪರೂಪದ ಹೆಸರು ಎದುರಾದೊಡನೆ ನಿಘಂಟನ್ನು ತೆರೆದು, ಧ್ವನಿಸಾಮ್ಯವುಳ್ಳ ಒಂದು ಶಬ್ದವನ್ನು ಹುಡುಕಿ, ಅದನ್ನೇ ಹೆಸರಿನ ಮೂಲವೆಂದು ನಿರ್ಣಯಿಸಿಬಿಡುತ್ತೇವೆ. ಆದರೆ ಶಬ್ದದ ಮೂಲ ಬೇರೆ. ಆ ಶಬ್ದ ಒಬ್ಬ ವ್ಯಕ್ತಿಗೆ ಹೆಸರಾಗಿ ಬಂದುದರ ಮೂಲ ಬೇರೆ. ಮೊದಲನೆಯದು ಭಾಷಾಶಾಸ್ತ್ರದ ಪ್ರಶ್ನೆ, ಎರಡನೆಯದು ಚರಿತ್ರೆಯ ಪ್ರಶ್ನೆ. ಇವೆರಡೂ ಬೆರೆತಾಗ ಊಹೆಯೇ ಆಧಾರದ ಸ್ಥಾನದಲ್ಲಿ ಕುಳಿತುಕೊಳ್ಳುತ್ತದೆ.

‘ಗೊಮ್ಮಟ’ ಶಬ್ದದ ಚರ್ಚೆ ಇದಕ್ಕೆ ತಕ್ಕ ನಿದರ್ಶನ. ಬಾಹುಬಲಿ ಕಾಮದೇವನೆಂಬ ಜೈನ ಪರಂಪರೆಯನ್ನು ಹಿಡಿದು ಗೋವಿಂದ ಪೈಗಳು ‘ಮನ್ಮಥ’ವೇ ಗೊಮ್ಮಟವಾಯಿತೆಂದು ವಾದಿಸಿದರು. ಅರ್ಥದ ದೃಷ್ಟಿಯಿಂದ ಇದು ಮನಸ್ಸಿಗೆ ಒಪ್ಪುತ್ತದೆ. ಆದರೆ ಪ್ರಾಕೃತದಲ್ಲಿ ಮನ್ಮಥಕ್ಕೆ ಪ್ರಸಿದ್ಧವಾದ ರೂಪ ‘ವಮ್ಮಹ’. ಅಲ್ಲಿಂದ ಗೊಮ್ಮಟಕ್ಕೆ ಬರುವ ದಾರಿ ಸುಗಮವಲ್ಲ. ಆ. ನೇ. ಉಪಾಧ್ಯೆಯವರು ಶಬ್ದಕ್ಕಿಂತ ಮೊದಲು ಅದರ ಪ್ರಯೋಗವನ್ನು ನೋಡಿದರು. ನೇಮಿಚಂದ್ರರ ‘ಗೊಮ್ಮಟಸಾರ’ದಲ್ಲಿ ಚಾವುಂಡರಾಯನೇ ಗೊಮ್ಮಟನೆಂದು ಉಲ್ಲೇಖಗೊಂಡಿದ್ದಾನೆ. ಆದುದರಿಂದ ಗೊಮ್ಮಟನೆಂಬುದು ಅವನ ಇನ್ನೊಂದು ಹೆಸರು. ಅವನ ಆರಾಧ್ಯನು ಗೊಮ್ಮಟೇಶ್ವರ. ಶಬ್ದಾರ್ಥವನ್ನು ಅರಿಯಲು ಚೆಲುವ ಎಂಬ ಅರ್ಥದ ಮರಾಠಿಯ ‘ಗೋಮಟಾ’ ನೆರವಾಗುತ್ತದೆ. ಶಬ್ದ, ವ್ಯಕ್ತಿ, ದೇವರು ಎಂಬ ಮೂರು ಹಂತಗಳು ಇಲ್ಲಿ ಬೇರೆಬೇರೆಯಾಗಿ ನಿಲ್ಲುತ್ತವೆ. ಉಪಾಧ್ಯೆಯವರ ವಾದವೇ ಹೆಚ್ಚು ಗಟ್ಟಿಯೆಂದು ನಾನು ಭಾವಿಸುವುದು ಈ ಕಾರಣದಿಂದ.

‘ಅತ್ತಿಮಬ್ಬೆ’ಯ ಹೆಸರನ್ನೂ ಹೀಗೆಯೇ ಪರಿಶೀಲಿಸಬಹುದು. ‘ಅಬ್ಬೆ’ ಎಂದರೆ ತಾಯಿ; ‘ಅತ್ತಿ’ ಎಂದೊಡನೆ ಅತ್ತಿಯ ಮರ ನೆನಪಾಗುತ್ತದೆ. ಈ ನೆನಪು ಊಹೆ ಮಾತ್ರ. ಆದರೆ 993ರಲ್ಲಿ ಆಕೆಯ ಆಶ್ರಯದಲ್ಲಿ ‘ಅಜಿತಪುರಾಣ’ವನ್ನು ರಚಿಸಿದ ರನ್ನನು ತನ್ನ ಮಗಳಿಗೆ ಅತ್ತಿಮಬ್ಬೆ ಎಂದೂ ಮಗನಿಗೆ ರಾಯ ಎಂದೂ ಹೆಸರಿಟ್ಟನು. ಈ ಎರಡನೆಯ ಅತ್ತಿಮಬ್ಬೆಯ ಹೆಸರಿಗೆ ಮೂಲ ಯಾವ ಮರವೂ ಅಲ್ಲ, ದಾನಚಿಂತಾಮಣಿಯೇ. ರಾಯನ ಹೆಸರಿಗೆ ಮೂಲ ಅರಸುತನವಲ್ಲ, ಚಾವುಂಡರಾಯ. ಕವಿಯ ಕೃತಜ್ಞತೆಯನ್ನು ಯಾವ ಧಾತುಕೋಶವೂ ಹೇಳಲಾರದು.

ಧ್ವನಿನಿಯಮಗಳು ನಿಷ್ಪ್ರಯೋಜಕವೆಂದು ಇದರ ಅರ್ಥವಲ್ಲ. ‘ರತ್ನ’ವು ‘ರನ್ನ’ವಾಗುವುದೂ ‘ಯಜ್ಞ’ವು ‘ಜನ್ನ’ವಾಗುವುದೂ ವ್ಯಾಕರಣಸಿದ್ಧ, ‘ಜನ್ನಿವಾರ’ದಲ್ಲಿ ಇಂದಿಗೂ ಆ ರೂಪವಿದೆ. ಆದರೂ ಜನ್ನಕವಿಯ ಹೆಸರು ಯಜ್ಞದಿಂದಲೇ ಬಂದಿತೆನ್ನಲು ತದ್ಭವಸೂತ್ರವೊಂದೇ ಸಾಲದು. ಜನಾರ್ದನನೆಂಬಂತಹ ದೀರ್ಘನಾಮವನ್ನು ಮೊಟಕುಗೊಳಿಸಿದರೂ ಅದೇ ರೂಪ ದೊರೆಯುತ್ತದೆ. ಸೂತ್ರವು ಸಾಧ್ಯತೆಯನ್ನು ತೋರಿಸುತ್ತದೆ. ನಿಶ್ಚಯಕ್ಕೆ ಶಾಸನದ ಅಥವಾ ಕಾವ್ಯದ ಸಾಕ್ಷ್ಯ ಬೇಕು.

ಕಲ್ಪಿತ ನಾಮಗಳಲ್ಲಿ ಅಪಾಯ ಇನ್ನೂ ಹೆಚ್ಚು. ಕುಪ್ಪಳಿ ವೆಂಕಟಪ್ಪಗೌಡ ಪುಟ್ಟಪ್ಪ ಎಂಬುದು ‘ಕುವೆಂಪು’ ಆದುದನ್ನು ನಾವೆಲ್ಲ ಬಲ್ಲೆವು. ದಾಖಲೆಗಳು ಅಳಿದ ಕಾಲವೊಂದನ್ನು ಕಲ್ಪಿಸಿಕೊಳ್ಳಿ. ಆಗಿನ ವಿದ್ವಾಂಸನು ಇಂಪು, ಕಂಪು, ತಂಪುಗಳ ಸಾಲಿನಲ್ಲಿ ‘ವೆಂಪು’ ಎಂಬ ಇಲ್ಲದ ದೇಶ್ಯಪದವನ್ನು ಸೃಷ್ಟಿಸಿ, ಅದಕ್ಕೆ ಅರ್ಥವನ್ನೂ ಕೊಡಬಲ್ಲನು. ಅವನ ತರ್ಕ ಅಚ್ಚುಕಟ್ಟಾಗಿಯೇ ಇರುತ್ತದೆ. ಫಲ ಮಾತ್ರ ಸುಳ್ಳು. ತಂದೆತಾಯಿಯರ ಹೆಸರಿನ ಅಕ್ಷರಗಳನ್ನು ಜೋಡಿಸಿ ಕಟ್ಟಿದ ಇಂದಿನ ಶಿಶುನಾಮಗಳಿಗೆ ಆಮೇಲೆ ಸಂಸ್ಕೃತದ ಅರ್ಥವನ್ನು ಹೊಂದಿಸುವುದೂ ಇದೇ ಬಗೆಯ ಕೆಲಸ.

ಆದುದರಿಂದ ಸಂಶೋಧನ ವಿದ್ಯಾರ್ಥಿಗಳು ಹೆಸರಿನ ಅರ್ಥವನ್ನು ಕೇಳುವ ಮೊದಲು ಹೆಸರಿಟ್ಟವರು ಯಾರು, ಯಾವ ಸಂದರ್ಭದಲ್ಲಿ, ಯಾರ ನೆನಪಿಗೆ ಎಂದು ವಿಚಾರಿಸಲಿ. ಅದೇ ಮನೆತನದ ಇತರ ಹೆಸರುಗಳನ್ನು ಪಕ್ಕದಲ್ಲಿಟ್ಟು ನೋಡಲಿ. ಉತ್ತರ ದೊರೆಯದಿದ್ದರೆ ‘ಇದು ಊಹೆ’ ಎಂದು ಬರೆಯಲು ಸಂಕೋಚಪಡಬೇಕಾಗಿಲ್ಲ. ಹೆಸರೊಂದರ ಊಹಿತ ನಿಷ್ಪತ್ತಿಯಿಂದಲೇ ಕವಿಯ ಮತವನ್ನೋ ಕುಲವನ್ನೋ ನಿರ್ಧರಿಸುವ ರೂಢಿಯಂತೂ ನಿಲ್ಲಬೇಕು.